ಟಿಲ್ಲರ್ ಗುಜರಿಗೆ ಹಾಕಬೇಡ ಅಣ್ಣ

ವಿಸ್ಕಾನ್ಸಿನ್, ಅಮೆರಿಕ,
ಅಕ್ಟೋಬರ್ ಕೊನೇ ವಾರ

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ಅತ್ತಿಗೆ, ಮಕ್ಕಳು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ ಅಂತ ತಿಳಿಸು.

ಮೊನ್ನೆ ಫೋನಿನಲ್ಲಿ, ಗದ್ದೆ ಉಳುವ ನಮ್ಮ ಪವರ್ ಟಿಲ್ಲರ್ ಕಥೆ ಮುಗೀತು, ಗುಜರಿಯವರು ಬಂದು ನೋಡಿಕೊಂಡು ಹೋದರು ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನ ಇಲ್ಲ. ನೀನ್ಯಾಕೆ ಅಲ್ಲಿ ಹಳೇ ಗಾಡಿಗಳ ಹಿಂದೆ ಬಿದ್ದಿದ್ದೀಯ ಅಂತಲೂ ಅವತ್ತೇ ಕೇಳಿದೆ. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಸಂಜೆ ಪುರುಸೊತ್ತಾದಾಗ ಓದು, ಅಪ್ಪನಿಗೂ ಓದಿ ಹೇಳು.

ನೀನು ಫೋಟೋದಲ್ಲಿ ನೋಡಿದ ಹಳದಿ ಟ್ರ್ಯಾಕ್ಟರ್ ಹೆಸರು ಕಬ್ ಕ್ಯಾಡೆಟ್ 122. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯವರು 1960ರ ದಶಕದ ನಡುವೆ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಮಾಡಿದ್ದು. ಬಾನೆಟ್ ಎತ್ತರ ನಿನ್ನ ಸೊಂಟದಷ್ಟೇ. ಒಂದೇ ಸಿಲಿಂಡರ್, 12 ಎಚ್‌ಪಿ, ಪೆಟ್ರೋಲ್. ನಮ್ಮ ಟಿಲ್ಲರ್ 13 ಎಚ್‌ಪಿ ಡೀಸೆಲ್ ಅಲ್ವಾ, ಅಷ್ಟೇ ಶಕ್ತಿಯದ್ದು ಅಂದುಕೋ. ಆದರೆ ಇದರ ಮೇಲೆ ಕೂತು ಓಡಿಸಬಹುದು. ಮುಂದೆ ಮೂರು ಗೇರು, ಹಿಂದಕ್ಕೆ ಒಂದು.

ಇಂಥ ಗಾಡಿ ಯಾಕೆ ಹುಟ್ಟಿತು ಅಂದರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಜನ ಪಟ್ಟಣದ ಹೊರಗೆ ಮನೆ ಕಟ್ಟಿಕೊಳ್ಳತೊಡಗಿದರು. ಮನೆ ಸುತ್ತ ಒಂದೆಕರೆ, ಎರಡೆಕರೆ ಜಾಗ. ಅಷ್ಟು ಜಾಗಕ್ಕೆ ಹೊಲದ ಟ್ರ್ಯಾಕ್ಟರ್ ಜಾಸ್ತಿಯಾಯಿತು, ಕೈಯಲ್ಲಿ ತಳ್ಳುವ ಹುಲ್ಲಿನ ಮಿಷಿನ್ ಸಾಲದು. ಹುಲ್ಲು ಕತ್ತರಿಸಬೇಕು, ತರಕಾರಿ ಮಡಿ ಉಳಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು. ಎಲ್ಲಕ್ಕೂ ಒಂದೇ ಚಿಕ್ಕ ಗಾಡಿ. ಕಬ್ ಕ್ಯಾಡೆಟ್‌ನ ಮೊದಲ ಮಾಡೆಲ್ 7 ಎಚ್‌ಪಿಯದು. 1963ರವರೆಗೆ ಸುಮಾರು 65 ಸಾವಿರ ಗಾಡಿ ಮಾಡಿದರು. ಅದೇ 1963ರಲ್ಲಿ ಜಾನ್ ಡಿಯರ್‌ನವರು ತಮ್ಮ 110 ಮಾಡೆಲ್ ಬಿಟ್ಟರು.

ಆ ಜಾನ್ ಡಿಯರ್ 110 ತಯಾರಾದ ಹೊರಿಕಾನ್ ಊರು ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಪಕ್ಕದ ಪೋರ್ಟ್ ವಾಷಿಂಗ್ಟನ್ ಅನ್ನುವ ಪುಟ್ಟ ಊರಿನಲ್ಲೇ ಎರಡು ಕಂಪನಿ ಇದ್ದವು, ಬೋಲೆನ್ಸ್ ಮತ್ತು ಸಿಂಪ್ಲಿಸಿಟಿ. ದಕ್ಷಿಣಕ್ಕೆ ಹೋದರೆ ರಸೀನ್, ಅಲ್ಲಿ ಕೇಸ್ ಕಂಪನಿ. ನನ್ನ ಟ್ರ್ಯಾಕ್ಟರ್ ಕೆಂಟಕಿಯದಾದರೂ ಅದರ ಇಂಜಿನ್ ಕೋಲರ್ ಕಂಪನಿಯದು. ಆ ಕಂಪನಿಯ ಊರು ನಮ್ಮಿಂದ ಉತ್ತರಕ್ಕೆ ಅರ್ಧ ಗಂಟೆ ದಾರಿ, ಊರಿಗೂ ಕಂಪನಿಯದೇ ಹೆಸರು. ನೋಡು, ನಾನು ಬಂದು ಬಿದ್ದಿರುವ ಜಾಗವೇ ಅಂಥದ್ದು. ಇಲ್ಲಿ ಯಾವ ಅಜ್ಜನನ್ನು ಮಾತಾಡಿಸಿದರೂ ಅವರೋ ಅವರ ತಮ್ಮನೋ ಇಂಥ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಶೆಡ್ಡಿನಲ್ಲಿ ಒಂದು ಹಳೇ ಗಾಡಿ ನಿಂತೇ ಇರುತ್ತದೆ.

ನನ್ನದು ಸಿಕ್ಕಿದ್ದೂ ಹಾಗೇ. ಒಬ್ಬ ಹಿರಿಯರು ತೀರಿಕೊಂಡರು. ಇಲ್ಲಿ ಅಂಥ ಸಮಯದಲ್ಲಿ ಮಕ್ಕಳು ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಇಟ್ಟು ಮಾರುತ್ತಾರೆ. ಪಾತ್ರೆ, ಕುರ್ಚಿ, ಗರಗಸ, ಎಲ್ಲ. ಟ್ರ್ಯಾಕ್ಟರ್ ಶೆಡ್ಡಿನ ಮೂಲೆಯಲ್ಲಿತ್ತು. ಟೈರು ಕೂತಿದ್ದವು, ಇಂಜಿನ್ ಸೀಜ್ ಆಗಿತ್ತು, ಅಂದರೆ ಪಿಸ್ಟನ್ ಒಳಗೇ ಸಿಕ್ಕಿಕೊಂಡಿತ್ತು. ಹೊಸ ಮೊಬೈಲಿಗಿಂತ ಕಡಿಮೆ ಬೆಲೆಗೆ ಕೊಟ್ಟರು. ಅದರ ಜೊತೆ ಆ ಹಿರಿಯರು ಪೆನ್ಸಿಲಿನಲ್ಲಿ ಬರೆದಿಟ್ಟ ಒಂದು ಪುಸ್ತಕವನ್ನೂ ಕೊಟ್ಟರು. ಯಾವಾಗ ಆಯಿಲ್ ಬದಲಾಯಿಸಿದ್ದು, ಯಾವಾಗ ಪ್ಲಗ್ ಹಾಕಿದ್ದು, ಎಲ್ಲ ಅದರಲ್ಲಿದೆ. ಅದನ್ನು ಓದಿದ ಮೇಲೆ ಗಾಡಿ ಸುಮ್ನೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

ಸೀಜ್ ಆದ ಇಂಜಿನ್‌ಗೆ ಸುತ್ತಿಗೆ ಮುಟ್ಟಿಸಬಾರದು. ಪ್ಲಗ್ ಬಿಚ್ಚಿ, ಆಟೋಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಎಟಿಎಫ್ ಆಯಿಲಿಗೆ ಅಸಿಟೋನ್ ಬೆರೆಸಿ ಸಿಲಿಂಡರಿಗೆ ಹಾಕಿ ಬಿಟ್ಟೆ. ದಿನಾ ಕೆಲಸ ಮುಗಿಸಿ ಬಂದು ಇಂಜಿನ್ನಿನ ಭಾರದ ಚಕ್ರ, ಅಂದರೆ ಫ್ಲೈವೀಲ್ ಹಿಡಿದು ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸುವುದು. ಒಂದು ಸಂಜೆ ಕೂದಲೆಳೆಯಷ್ಟು ಅಲ್ಲಾಡಿತು. ಮಾರನೇ ದಿನ ಇನ್ನಷ್ಟು. ಆಮೇಲೆ ಪೂರ್ತಿ ಒಂದು ಸುತ್ತು ಬಂತು.

ಈ ಕೋಲರ್ ಇಂಜಿನ್‌ನ ಬ್ಲಾಕ್ ಪೂರಾ ಬೀಡು ಕಬ್ಬಿಣ. ಸಿಲಿಂಡರಿನೊಳಗೆ ಕೂರಿಸುವ ಬೇರೆ ಕೊಳವೆ, ಅಂದರೆ ಲೈನರ್ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನಲ್ಲೇ ಓಡುತ್ತದೆ. ವಾಲ್ವ್‌ಗಳೂ ಬ್ಲಾಕಿನಲ್ಲೇ ಇವೆ, ಹೆಡ್ ಬರೀ ಒಂದು ಮುಚ್ಚಳ. ನನಗೆ ಬಹಳ ಇಷ್ಟವಾದದ್ದು ಏನು ಗೊತ್ತಾ? ಬೋರ್, ಅಂದರೆ ಪಿಸ್ಟನ್ ಓಡುವ ತೂತು, ಸವೆದರೆ ಒಂದು ಇಂಚಿನ ನೂರನೇ ಒಂದು ಭಾಗ ದೊಡ್ಡದು ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಮತ್ತೆ ಸವೆದರೆ ಇನ್ನೊಮ್ಮೆ. ಆಮೇಲೂ ಮತ್ತೊಮ್ಮೆ. ಅಂದರೆ ಇದನ್ನು ಮಾಡಿದವರಿಗೆ ಇದು ಸವೆಯುತ್ತದೆ ಅಂತ ಮೊದಲೇ ಗೊತ್ತಿತ್ತು. ಸವೆದ ಮೇಲೂ ಬಿಸಾಡಬಾರದು ಅಂತ ಕಬ್ಬಿಣ ದಪ್ಪ ಇಟ್ಟರು. ನನ್ನ ಬ್ಲಾಕನ್ನು ಅಳತೆ ಮಾಡಿಸಿದರೆ ಅದು ಇನ್ನೂ ಮೊದಲಿನ ಬೋರಿನಲ್ಲೇ ಇತ್ತು. ಒಂದು ಸಲ ಬೋರ್ ಮಾಡಿಸಿದೆ. ಇನ್ನೂ ಎರಡು ಸಲಕ್ಕೆ ಜಾಗ ಇದೆ, ನನ್ನ ಕಾಲಕ್ಕೆ ಬೇಕಾದಷ್ಟಾಯಿತು.

ತುಕ್ಕು ತೆಗೆಯುವ ಒಂದು ವಿಧಾನ ನಿನಗೂ ಉಪಯೋಗಕ್ಕೆ ಬರುತ್ತದೆ, ಸರಿಯಾಗಿ ಬರೆಯುತ್ತೇನೆ. ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಕರಗಿಸು. ತುಕ್ಕು ಹಿಡಿದ ಭಾಗವನ್ನು ತಂತಿಯಲ್ಲಿ ನೇತುಹಾಕಿ ಬ್ಯಾಟರಿ ಚಾರ್ಜರಿನ ನೆಗೆಟಿವ್ ವಯರ್ ಅದಕ್ಕೆ ಕೊಡು. ಪಾಸಿಟಿವ್‌ಗೆ ಯಾವುದಾದರೂ ಹಳೇ ಕಬ್ಬಿಣದ ತುಂಡು. ಎರಡೂ ಒಂದಕ್ಕೊಂದು ತಾಗಬಾರದು. ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಮಾತ್ರ ಹಾಕಲೇಬೇಡ, ಅದರಿಂದ ವಿಷ ನೀರಿಗೆ ಇಳಿಯುತ್ತದೆ. ಚಾರ್ಜರ್ ಆನ್ ಮಾಡಿದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಹೈಡ್ರೋಜನ್. ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಹಚ್ಚುವ ಹಾಗಿಲ್ಲ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಕೆಂಪು ನೊರೆ ಕಟ್ಟಿರುತ್ತದೆ. ನಾನು ಮೊದಲು ಹಾಕಿದ್ದು ಕ್ಲಚ್ ಪೆಡಲ್. ಎತ್ತಿ ಬ್ರಷ್ಷಿನಲ್ಲಿ ಉಜ್ಜಿದರೆ ತುಕ್ಕು ಕಪ್ಪು ಮಣ್ಣಿನ ಹಾಗೆ ಜಾರಿ ಹೋಯಿತು. ಒಳ್ಳೆ ಕಬ್ಬಿಣ ಒಂಚೂರೂ ಸವೆದಿರಲಿಲ್ಲ. ಎರಕ ಹೊಯ್ದಾಗ ಮೂಡಿಸಿದ ನಂಬರು ಓದುವಷ್ಟು ಸ್ಪಷ್ಟವಾಗಿ ಎದ್ದು ಬಂತು. ಒಣಗಿದ ತಕ್ಷಣ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಮತ್ತೆ ಕೆಂಪಾಗುತ್ತದೆ.

ಇನ್ನು ಪಾಯಿಂಟ್ ಸೆಟ್ಟಿಂಗ್, ಅಂದರೆ ಪ್ಲಗ್ಗಿನ ಕಿಡಿ ಸರಿಯಾದ ಕ್ಷಣಕ್ಕೆ ಹಾರುವ ಹಾಗೆ ಮಾಡುವುದು. ಇದನ್ನು ಅಪ್ಪನಿಗೆ ವಿವರವಾಗಿ ಹೇಳು, ಯೆಜ್ಡಿ ಬೈಕಿಗೆ ಅವರೇ ಮಾಡುತ್ತಿದ್ದರಲ್ಲ. ಇದರಲ್ಲೂ ಅದೇ ಸಿಬಿ ಪಾಯಿಂಟ್, ಕಿಡಿ ಹಾರಿಸಲು ಕರೆಂಟ್ ಕಡಿಯುವ ಸಣ್ಣ ಸ್ವಿಚ್. ಗ್ಯಾಪ್ ಅರ್ಧ ಮಿಲಿಮೀಟರ್. ಫ್ಲೈವೀಲ್ ಮೇಲೆ ಎರಡು ಗುರುತು ಕೊರೆದಿದ್ದಾರೆ. ಒಂದು ಟಿ, ಪಿಸ್ಟನ್ ಪೂರ್ತಿ ಮೇಲೆ ಬಂದಾಗಿನದು. ಇನ್ನೊಂದು ಎಸ್, ಅದಕ್ಕಿಂತ 20 ಡಿಗ್ರಿ ಮುಂಚೆ, ಕಿಡಿ ಹಾರಬೇಕಾದ ಜಾಗ. ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇದೆ. ಟೆಸ್ಟ್ ಲ್ಯಾಂಪ್ ಹಾಕಿಕೊಂಡು, ಕಿಂಡಿಯಲ್ಲಿ ಕಣ್ಣಿಟ್ಟು, ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಎಸ್ ಬಂದು ಗುರುತಿಗೆ ಕೂತ ಕ್ಷಣಕ್ಕೇ ಬಲ್ಬ್ ಆರಬೇಕು. ಮುಂಚೆ ಆರಿದರೂ ತಪ್ಪು, ಆಮೇಲೆ ಆರಿದರೂ ತಪ್ಪು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ಸ್ಕ್ರೂ ಡ್ರೈವರ್, ಒಂದು ಬಲ್ಬು, ತಾಳ್ಮೆ. ಸೆಟ್ ಮಾಡಿ ಕೀ ತಿರುಗಿಸಿದಾಗ ಆ ಒಂಟಿ ಸಿಲಿಂಡರ್ ಎದ್ದು ಡಬ್ ಡಬ್ ಅಂತ ಓಡತೊಡಗಿತಲ್ಲ, ಅಣ್ಣ, ಆ ಖುಷಿಯನ್ನು ನಾನು ಆಫೀಸಿನಲ್ಲಿ ಯಾವತ್ತೂ ಕಂಡಿಲ್ಲ.

ಬಣ್ಣ ಹೊಡೆದಿಲ್ಲ. ಈ ವಿಷಯದಲ್ಲಿ ಇಲ್ಲಿನವರಲ್ಲೇ ಎರಡು ಪಂಗಡ. ಕೆಲವರು ಕೊನೇ ಬೋಲ್ಟಿನವರೆಗೆ ಬಿಚ್ಚಿ, ಹೊಸ ಬಣ್ಣ ಹೊಡೆದು, ಟ್ರೇಲರಿನ ಮೇಲೆ ಪ್ರದರ್ಶನಕ್ಕೆ ಒಯ್ಯುತ್ತಾರೆ. ಅವರ ಕೈಕೆಲಸ ದೊಡ್ಡದು, ನಿಜ. ಆದರೆ ಆಮೇಲೆ ಅದನ್ನು ಮಣ್ಣಿಗೆ ಇಳಿಸಲು ಅವರಿಗೇ ಮನಸ್ಸು ಬರುವುದಿಲ್ಲ. ನನಗೆ ಮಾಸಿದ ಹಳದಿಯೇ ಇರಲಿ. ಉಳುವ ಗಾಡಿ ಉಳಬೇಕು.

ಉತ್ತೆವು ಕೂಡ. ಹಿಂದೆ ಸಿಕ್ಕಿಸುವ ಒಂದೇ ಕುಳದ ನೇಗಿಲು ಸಿಕ್ಕಿತು, 10 ಇಂಚಿನದು, ಬ್ರಿನ್ಲಿ ಕಂಪನಿಯದು. ಮೊದಲ ಸಾಲು ನೇರ ಹೊಡೆಯುವುದೇ ಕಷ್ಟ. ಎರಡನೇ ಸಾಲಿನಿಂದ ಬಲಗಡೆಯ ಚಕ್ರಗಳು ಸಾಲಿನೊಳಗೆ ಇಳಿದು ಓಡಬೇಕು. ಆಗ ಗಾಡಿ ವಾಲಿಕೊಂಡೇ ಹೋಗುತ್ತದೆ, ನೇಗಿಲನ್ನು ಅದಕ್ಕೆ ತಕ್ಕಂತೆ ಓರೆ ಮಾಡಿ ಕಟ್ಟಬೇಕು. ಹಿಂದಿನ ಚಕ್ರಕ್ಕೆ ಕಬ್ಬಿಣದ ತೂಕ ಬಿಗಿಯದಿದ್ದರೆ ಟೈರು ಸುಮ್ನೆ ಸುತ್ತುತ್ತದೆ. ಇಲ್ಲಿನ ಮಣ್ಣು ಕಪ್ಪು, ಮಗುಚಿದಾಗ ಮೇಲ್ಮೈ ಮಿರಮಿರ ಮಿಂಚುತ್ತದೆ. ಈ ಸಲ ಆಲೂಗಡ್ಡೆ, ಬದನೆ, ಹಸಿಮೆಣಸು, ಮೆಂತ್ಯ, ಕೊತ್ತಂಬರಿ ಎಲ್ಲ ಬಂತು. ಈಗ ಹಿಮದ ಕಾಲ. ಮುಂದೆ ಬ್ಲೇಡ್ ಕಟ್ಟಿ, ಟೈರಿಗೆ ಸರಪಳಿ ಹಾಕಿ ನಿಲ್ಲಿಸಿದ್ದೇನೆ. ಗೇರ್‌ಬಾಕ್ಸಿನ ಆಯಿಲ್ ಇಳಿಸಿ ಹೊಸದು ತುಂಬಿದೆ. ಹಳೇ ಆಯಿಲಿನಲ್ಲಿ ನೀರು ಉಳಿದರೆ ಚಳಿಗೆ ಅದು ಗಟ್ಟಿಯಾಗಿ ಒಳಗೇ ಅನಾಹುತ ಮಾಡುತ್ತದೆ.

ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಈ ಗಾಡಿಯಿಂದ ಬಿದ್ದರೂ ಅದು ನಿಲ್ಲದೆ ಓಡುತ್ತಲೇ ಇರುತ್ತದೆ. ಹೊಸದರಲ್ಲಿ ಸೀಟಿನಿಂದ ಎದ್ದರೆ ಬ್ಲೇಡ್ ನಿಲ್ಲುವ ಸ್ವಿಚ್ ಇರುತ್ತದೆ, ಅದು ತುಂಬಾ ಒಳ್ಳೆಯದು. ಆ ಸ್ವಿಚ್ ನಾನೇ ಹಾಕಿಕೊಂಡೆ. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಓಡಿಸುವುದಿಲ್ಲ, ಎಷ್ಟು ಅತ್ತರೂ ಸರಿ. ನೀನೂ ಟಿಲ್ಲರ್ ಓಡುವಾಗ ಮಕ್ಕಳನ್ನು ದೂರ ಇಡು.

ಸೆಪ್ಟೆಂಬರ್ ಮೊದಲ ವಾರದ ರಜೆಗೆ ಎಡ್ಜರ್ಟನ್ ಊರಿನ ಹಳೇ ಯಂತ್ರಗಳ ಜಾತ್ರೆಗೆ ಹೋಗಿದ್ದೆವು. ರಾಕ್ ರಿವರ್ ಥ್ರೆಶರಿ ಅಂತ ಹೆಸರು. ಹಬೆ ಇಂಜಿನ್‌ಗಳು ಕಾಳು ಒಕ್ಕುವುದನ್ನು ನೋಡಲು ಎರಡು ಕಣ್ಣು ಸಾಲದು. ಅಲ್ಲಿ ಒಬ್ಬ ಹಿರಿಯರ ಹತ್ತಿರ ಕ್ಲಚ್ ಶಾಫ್ಟಿನ ಪಿನ್ನು ಸಿಕ್ಕಿತು. ಕಬ್ ಕ್ಯಾಡೆಟ್‌ನಲ್ಲಿ ಬೆಲ್ಟ್ ಇಲ್ಲ, ಶಾಫ್ಟಿನಿಂದಲೇ ಗೇರಿಗೆ ಓಟ. ಆ ಪಿನ್ನು ಸವೆದರೆ ತೂತು ಉದ್ದವಾಗುತ್ತದೆ. ಕಂಪನಿ ಕೈಬಿಟ್ಟ ಎಷ್ಟೋ ಭಾಗಗಳನ್ನು ಇಂಥವರು ಮನೆಯ ಲೇತಿನಲ್ಲಿ ಮಾಡಿ ಮಾರುತ್ತಾರೆ. ಅವರು ದುಡ್ಡು ತೆಗೆದುಕೊಂಡರು, ಜೊತೆಗೆ ಅದನ್ನು ಹಾಕುವ ರೀತಿಯನ್ನೂ ಹೇಳಿಕೊಟ್ಟರು, ಊಟ ಬಿಟ್ಟು.

ಈಗ ನಮ್ಮ ಟಿಲ್ಲರ್ ವಿಷಯ. ಹೊಗೆ ಜಾಸ್ತಿ, ಗದ್ದೆಯಲ್ಲಿ ಎಳೆಯಲ್ಲ, ಆಯಿಲ್ ಕುಡಿಯುತ್ತದೆ ಅಂದೆ. ಅಣ್ಣ, ಅದು ಲೈನರ್, ರಿಂಗ್ ಸವೆದ ಲಕ್ಷಣ. ನಿನ್ನ ಇಂಜಿನ್ ನನ್ನದಕ್ಕಿಂತ ಸುಲಭ, ಯಾಕೆಂದರೆ ಬೋರ್ ಮಾಡಿಸುವುದೂ ಬೇಡ, ಲೈನರ್ ತೆಗೆದು ಹೊಸದು ಕೂರಿಸಿದರೆ ಆಯಿತು. ದಾವಣಗೆರೆಯಲ್ಲಿ ಲೇತ್, ಬೋರಿಂಗ್ ಕೆಲಸದವರಿಗೆ ಬರ ಇಲ್ಲ. ಹೋಗಿ ಮೂರೇ ಮಾತು ಕೇಳು. ಬ್ಲಾಕ್ ಒಡೆದಿದೆಯಾ, ಕ್ರ್ಯಾಂಕ್ ಹೋಗಿದೆಯಾ, ಗೇರ್‌ಬಾಕ್ಸಿನ ಹಲ್ಲು ಮುರಿದಿದೆಯಾ? ಮೂರೂ ಇಲ್ಲ ಅಂದರೆ ಗುಜರಿಗೆ ಕೊಡುವ ಮಾತೇ ಎತ್ತಬೇಡ. ಲೈನರ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಸೆಟ್, ಡೀಸೆಲ್ ಸಿಂಪಡಿಸುವ ನಾಝಲ್‌ನ ಚೆಕ್ಕಿಂಗ್, ಇಷ್ಟರ ಖರ್ಚು ಪೂರಾ ನನ್ನದು. ಬೇಡ ಅನ್ನಬೇಡ. ಆ ಟಿಲ್ಲರಿನ ಹಿಂದೆ ನಡೆದೇ ಅಪ್ಪ ನಮ್ಮಿಬ್ಬರನ್ನೂ ಓದಿಸಿದ್ದು. ಹೊಸ ಟಿಲ್ಲರ್ ಬೇಕಾದರೆ ತಗೋ, ನಾನು ಅಡ್ಡ ಬರುವುದಿಲ್ಲ. ಭತ್ತದ ಗದ್ದೆಗೆ ಹೊಸದು ಇಳಿಯಲಿ, ತೋಟದ ಕೆಲಸಕ್ಕೆ ಹಳೆಯದು ಇರಲಿ.

ಬಿಚ್ಚುವಾಗ ಪುಟ್ಟನನ್ನು ಜೊತೆಗೆ ಕೂರಿಸಿಕೋ. ಡಿಪ್ಲೊಮಾದಲ್ಲಿ ಓದಿದ್ದನ್ನು ಕೈಯಲ್ಲಿ ಮುಟ್ಟಿ ನೋಡಲಿ. ಒಂದೊಂದು ಭಾಗ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ, ಹೆಡ್ಡಿನದು ಬೇರೆ, ಪಂಪಿನದು ಬೇರೆ ಇಟ್ಟು ಚೀಟಿ ಅಂಟಿಸಿ. ಇಂಜಿನ್ ನಂಬರಿನ ಪ್ಲೇಟ್ ಒರೆಸಿ ಅದರ ಫೋಟೋ ನನಗೆ ಇವತ್ತೇ ಕಳಿಸಲು ಹೇಳು. ಜನವರಿಯಲ್ಲಿ ಬರುವಾಗ ಫೀಲರ್ ಗೇಜ್, ಬೋರ್ ಗೇಜ್, ವಾಲ್ವ್ ಲ್ಯಾಪಿಂಗ್ ಪೇಸ್ಟ್ ತರುತ್ತೇನೆ. ಇನ್ನೇನಾದರೂ ಬೇಕಿದ್ದರೆ ಡಿಸೆಂಬರ್ ಒಳಗೆ ತಿಳಿಸು, ಆಮೇಲೆ ತರಿಸಿಕೊಳ್ಳಲು ಟೈಮ್ ಸಾಲುವುದಿಲ್ಲ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ. ಅತ್ತಿಗೆಗೂ ತಿಳಿಸು. ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ತಮ್ಮ