ಶಾಶ್ವತ ವಿಳಾಸದ ಕಾಲಂ

ಈ ಬಾಡಿಗೆ ಮನೆಗೆ ಬಂದು ನಿನ್ನೆಗೆ ಒಂದು ವರ್ಷ ತುಂಬಿತು. ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ. ಹಳೆಯ ಮನೆ ಕೈಬಿಟ್ಟುಹೋಗಿ ನಾನೂ ಮಗನೂ ನೆಲೆಯಿಲ್ಲದವರಾದದ್ದು ಹೇಗೆ ಎಂಬುದನ್ನು ಇಲ್ಲಿ ಕೆದಕುವುದಿಲ್ಲ. ಋಣ ಹೇಳಿಕೊಳ್ಳುವುದು ಬಾಕಿಯಿತ್ತು, ಅದಕ್ಕಾಗಿ ಈ ಬರಹ.

ಸಹಾಯವಾಣಿಯಲ್ಲಿ ಮೊದಲ ದಿನ ನನ್ನ ಮಾತನ್ನು ನಡುವೆ ತಡೆಯದೆ ಕೇಳಿಸಿಕೊಂಡವರಿಗೆ, ಉಚಿತ ಕಾನೂನು ನೆರವಿನ ವಕೀಲರಿಗೆ, ಕಾಗದಪತ್ರ ಬರುವ ಮೊದಲೇ ಮಗನನ್ನು ತರಗತಿಯಲ್ಲಿ ಕೂರಿಸಿಕೊಂಡ ಮುಖ್ಯೋಪಾಧ್ಯಾಯರಿಗೆ, ನಮ್ಮ ಸಾಮಾನುಗಳನ್ನು ತಿಂಗಳುಗಟ್ಟಲೆ ತಮ್ಮ ಮನೆಯಲ್ಲಿಟ್ಟುಕೊಂಡ ಗೆಳತಿಯರಿಗೆ ಕೈಮುಗಿಯುತ್ತೇನೆ.

ಇನ್ನು ಅಕ್ಕ. ಸರ್ಕಾರದ ಅನುದಾನದಲ್ಲಿ ನಡೆಯುವ ಆಶ್ರಯ ಕೇಂದ್ರದಲ್ಲಿ ರಾತ್ರಿ ಪಾಳಿಯವರು. ಹೆಸರು ಬರೆಯಬೇಡ ಎಂದಿದ್ದಾರೆ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ.

ಅಂದು ನಾವು ಅಲ್ಲಿಗೆ ತಲುಪಿದಾಗ ರಾತ್ರಿ ಹನ್ನೊಂದು ದಾಟಿತ್ತು. ಅದಕ್ಕೂ ಮೊದಲು ಬೇರೊಂದು ಕೇಂದ್ರದ ಬಾಗಿಲಲ್ಲಿ, ತಾಯಿ ಒಳಗೆ ಬರಬಹುದು, ಹದಿಮೂರರ ಹುಡುಗ ಗಂಡಸರ ವಿಭಾಗಕ್ಕೆ ಹೋಗಬೇಕು ಎಂದಿದ್ದರು. ಅಂಥ ನಿಯಮ ಏಕಿದೆ ಎಂಬುದು ನನಗೆ ಅರ್ಥವಾಗುತ್ತದೆ. ಒಳಗೆ ಮಲಗಿರುವ ಹೆಂಗಸರಲ್ಲಿ ಹೊಡೆತ ತಾಳಲಾರದೆ ಓಡಿಬಂದವರೂ ಇರುತ್ತಾರೆ. ಆದರೆ ಆ ರಾತ್ರಿ ಮಗ ನನ್ನ ತೋಳು ಬಿಡಲಿಲ್ಲ.

ಅಕ್ಕನ ಕೇಂದ್ರದಲ್ಲೂ ನಿಯಮ ಅದೇ. ಕುಟುಂಬಗಳಿಗೆಂದು ಇದ್ದದ್ದು ಎರಡೇ ಕೋಣೆ, ಎರಡೂ ಭರ್ತಿ. ಅವರು ಮೇಲಧಿಕಾರಿಗೆ ಫೋನ್ ಮಾಡಿ, "ಬೆಳಗಿನವರೆಗೆ ಜವಾಬ್ದಾರಿ ನನ್ನದು" ಎಂದರು. ಕಚೇರಿಯ ಮೇಜನ್ನು ಗೋಡೆಗೆ ಸರಿಸಿ ಎರಡು ಕಂಬಳಿ ಹಾಸಿದರು. ತಾವು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು.

ಆಮೇಲೆ ದಾಖಲಾತಿ ಪುಸ್ತಕ ತೆರೆದರು. ಹೆಸರು, ವಯಸ್ಸು ಆಯಿತು. 'ಶಾಶ್ವತ ವಿಳಾಸ' ಎಂಬ ಕಾಲಂ ಬಂದಾಗ ನನಗೆ ಮಾತೇ ಹೊರಡಲಿಲ್ಲ. ಅಲ್ಲಿಯವರೆಗೆ ಅಳದೆ ಬಂದವಳು ಅಲ್ಲಿ ಕುಸಿದುಹೋದೆ. ಇವನೊಬ್ಬ ಇಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಬದುಕಿರುತ್ತಿರಲಿಲ್ಲ ಎಂದು ಅವನ ಎದುರಿಗೇ ಹೇಳಿಬಿಟ್ಟೆ. ಅದನ್ನು ನೆನೆದರೆ ಇಂದಿಗೂ ಕರುಳು ಹಿಂಡುತ್ತದೆ. ಅಕ್ಕ ಸಮಾಧಾನ ಹೇಳಲಿಲ್ಲ. ಮಗನ ಕೈಗೆ ಪೆನ್ನು ಕೊಟ್ಟು, "ಈ ಕೇಂದ್ರದ ವಿಳಾಸ ಹೊರಗೆ ಫಲಕದ ಮೇಲಿದೆ, ನೋಡಿಕೊಂಡು ಬಂದು ಇಲ್ಲಿ ಬರೆಯಪ್ಪ" ಎಂದರು. ಅವನು ಎರಡು ಸಲ ಹೊರಗೆ ಹೋಗಿಬಂದು ದುಂಡಗೆ ಬರೆದ. ನಾನು ಅತ್ತು ಮುಗಿಸಲೆಂದೇ ಅವನನ್ನು ಹೊರಗೆ ಕಳಿಸಿದ್ದರೆಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಬೆಳಗಿಗೆ ಅವರ ಪಾಳಿ ಮುಗಿಯಿತು. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಖಾಲಿಯಾಗುವವರೆಗೂ ಮನೆಗೆ ಹೋಗಲಿಲ್ಲ.

ಮಗ ಬರೆದ ಆ ಸಾಲಿನ ಆಧಾರದ ಮೇಲೆಯೇ ಕೇಂದ್ರದವರು ನಮಗೆ ವಿಳಾಸದ ದೃಢೀಕರಣ ಪತ್ರ ಕೊಟ್ಟರು. ವಿಳಾಸವಿಲ್ಲದಿದ್ದರೆ ಗುರುತಿನ ಚೀಟಿಗೆ ತೊಡಕು, ಚೀಟಿಯಿಲ್ಲದಿದ್ದರೆ ಬ್ಯಾಂಕ್ ಖಾತೆಗೆ ತೊಡಕು, ಖಾತೆಯಿಲ್ಲದಿದ್ದರೆ ಸಹಾಯಧನಕ್ಕೂ ಸಂಬಳಕ್ಕೂ ತೊಡಕು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೆಯ ವಿಧಿಯಲ್ಲಿ ಆಹಾರ, ಬಟ್ಟೆ, ವೈದ್ಯಕೀಯ ಆರೈಕೆಯ ಜೊತೆಗೆ ವಸತಿಯ ಹೆಸರೂ ಇದೆ. ಅದನ್ನು ಕೇಂದ್ರದ ಗೋಡೆಯ ಮೇಲೆ ದಿನವೂ ಓದುತ್ತಿದ್ದೆ. ಆದರೆ ಕೌಂಟರಿನ ಮುಂದೆ ನಿಂತಾಗ ಕೈಯಲ್ಲಿದ್ದದ್ದು ಆ ಪತ್ರ ಮಾತ್ರ.

ನಮ್ಮ ಕಡತ ನೋಡಿಕೊಂಡ ಸಮಾಜ ಕಾರ್ಯಕರ್ತರನ್ನೂ ನೆನೆಯಬೇಕು. ಮೊದಲು ಖಾಯಂ ಕೆಲಸ ಹುಡುಕಿಕೋ, ಆಮೇಲೆ ಮನೆಯ ಮಾತು ಎಂದವರೇ ಹೆಚ್ಚು. ಇವರು ಮೊದಲು ಬೀಗದ ಕೈ ಕೊಡಿಸಿದರು. 'ಮನೆ ಮೊದಲು' ಎಂಬ ಈ ಪದ್ಧತಿಯನ್ನು 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾನಸಿಕ ಕಾಯಿಲೆಯಿಂದ ಬೀದಿಗೆ ಬಿದ್ದವರಿಗಾಗಿ ಆರಂಭಿಸಿದರೆಂದೂ, ಫಿನ್ಲೆಂಡ್ 2008ರಿಂದ ಅದನ್ನು ರಾಷ್ಟ್ರೀಯ ನೀತಿಯಾಗಿ ಹಿಡಿದು ವರ್ಷಗಟ್ಟಲೆ ಮನೆಯಿಲ್ಲದವರ ಸಂಖ್ಯೆಯನ್ನು ಇಳಿಸಿತೆಂದೂ ಅವರಿಂದಲೇ ತಿಳಿದೆ. ನಾವು ಇಲ್ಲಿಗೆ ಬಂದ ಮೇಲೂ ವಾರಕ್ಕೊಮ್ಮೆ ಬಂದು ಬಿಲ್ಲುಗಳನ್ನು ಮುಂದಿಟ್ಟುಕೊಂಡು ನನ್ನೊಡನೆ ಲೆಕ್ಕ ಹಾಕುತ್ತಿದ್ದರು.

ಇವರೆಲ್ಲರ ಸಂಬಳ ತೆರಿಗೆಯ ಹಣದಿಂದ ಬರುತ್ತದೆ. ನನ್ನ ಮುಖವನ್ನೂ ಕಾಣದೆ ಅದನ್ನು ಕಟ್ಟಿದವರೆಲ್ಲರಿಗೂ ನಾನು ಋಣಿ. ಆದರೆ ಅಕ್ಕನ ನೌಕರಿ ಈ ವರ್ಷ ಅನುದಾನ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟೋ ಜನರ ರಾತ್ರಿ ಕಾಯುವವರ ನೌಕರಿಯೇ ಹೀಗೆ ತೂಗಾಡುವುದು ಸರಿಯಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮಲಗುವಾಗ ಕಾಗದಪತ್ರಗಳ ಚೀಲದ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವುದನ್ನು ಮಗನಿಗೆ ಕಲಿಸಿದವರೂ ಅಕ್ಕನೇ. ಈ ಮನೆಗೆ ಬಂದ ಮೇಲೂ ಅವನು ಹಾಗೆಯೇ ಮಲಗುತ್ತಿದ್ದ. ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕಾ, ಕಳೆದ ವಾರ ಫೋನಿನಲ್ಲಿ ನೀವು ಕೇಳಿದಿರಲ್ಲ, ಹುಡುಗ ಚೆನ್ನಾಗಿ ನಿದ್ದೆ ಮಾಡುತ್ತಾನೆಯೇ ಎಂದು. ಚೀಲ ಈಗ ಕಪಾಟಿನಲ್ಲಿದೆ. ದಾರವನ್ನು ಬಿಚ್ಚಿ ಕಿಟಕಿಯ ಪರದೆಗೆ ಕಟ್ಟಿದ್ದಾನೆ.