ಸಿಮೆಂಟ್ ಹೊರಗಿನಿಂದ ಬಂದರೆ ಅಗ್ಗವಾ?

ಮಾನ್ಯ ಸಂಪಾದಕರೇ,

ಸಿಮೆಂಟ್ ಬೆಲೆ ಏರಿದಾಗಲೆಲ್ಲ ‘ಹೊರದೇಶದಿಂದ ತರಿಸಲಿ’ ಅನ್ನುವವರಿದ್ದಾರೆ. 2007ರಲ್ಲಿ ಕೇಂದ್ರ ಸರ್ಕಾರ ಆಮದು ಸುಂಕವನ್ನೇ ತೆಗೆದಿತ್ತು. ವಾಘಾ ಗಡಿ ದಾಟಿ ಪಾಕಿಸ್ತಾನದ ಸಿಮೆಂಟೂ ಬಂತು. 2019ರಲ್ಲಿ ಪುಲ್ವಾಮಾ ದಾಳಿಯ ನಂತರ ಪಾಕಿಸ್ತಾನದ ಸರಕಿಗೆ ಶೇ 200 ಸುಂಕ ಬಿತ್ತು, ಆ ದಾರಿ ಮುಚ್ಚಿತು.

ಸಿಮೆಂಟ್ ಚಿನ್ನವಲ್ಲ. 50 ಕೆ.ಜಿ. ಚೀಲ, ತೂಕ ಜಾಸ್ತಿ, ಬೆಲೆ ಕಡಿಮೆ. ದೂರ ಹೋದಷ್ಟೂ ಲಾರಿ ಬಾಡಿಗೆಯೇ ಲಾಭ ನುಂಗುತ್ತದೆ. ದಾರಿಯಲ್ಲಿ ತೇವ ತಗುಲಿತೋ, ಚೀಲದಲ್ಲೇ ಕಲ್ಲು! ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲಿರುವ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ನಮ್ಮಲ್ಲೇ ಇವೆ ಅಲ್ವಾ?

2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ಪೂರ್ತಿಯಾಗಿ ಗ್ರಾಹಕರಿಗೆ ಸಿಗುತ್ತಿದೆಯಾ? ಅಧಿಕಾರಿಗಳು ಮೊದಲು ಅಂಗಡಿಗೆ ಬಂದು ಬಿಲ್ಲು ನೋಡಲಿ.

– ಮನೆ ಕಟ್ಟಿಸುತ್ತಿರುವ ಓದುಗ, ಬೆಂಗಳೂರು