ಲೇಬಲ್ ಮೇಲೆ ಒಂದು, ಬಾಟಲಿಯೊಳಗೆ ಇನ್ನೊಂದು: ಕಾರ್ ಡೀಟೇಲಿಂಗ್ ಕಿಟ್ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವೆ ಮತ್ತು ಗುಣಮಟ್ಟ ವಿಭಾಗ

ವಿಷಯ: ನಿಮ್ಮ ಆರು ಸಾಮಗ್ರಿಗಳ ಕಾರ್ ಡೀಟೇಲಿಂಗ್ ಕಿಟ್‌ನ ದೋಷಗಳು, ಲೇಬಲ್‌ನಲ್ಲಿರುವ ತಪ್ಪು ಮಾಹಿತಿ ಹಾಗೂ ವೀಲ್ ಕ್ಲೀನರ್ ಮಾರಾಟವನ್ನು ತಕ್ಷಣ ನಿಲ್ಲಿಸುವ ಕುರಿತು

ಮಾನ್ಯರೇ,

ನಿಮ್ಮ ಕಿಟ್‌ನಲ್ಲಿರುವ ಶಾಂಪೂ, ವೀಲ್ ಕ್ಲೀನರ್, ಸ್ಕ್ರ್ಯಾಚ್ ರಿಮೂವರ್, ಸೆರಾಮಿಕ್ ಸ್ಪ್ರೇ, ಟೈರ್ ಪಾಲಿಶ್ ಮತ್ತು ಮೈಕ್ರೋಫೈಬರ್ ಬಟ್ಟೆಗಳನ್ನು ಮೊದಲು ಲೇಬಲ್ ಹೇಳಿದ ಕ್ರಮದಲ್ಲೇ ಬಳಸಿದೆವು. ಆಮೇಲೆ ಒಂದೊಂದನ್ನೂ ಹಳೆಯ ಬಾನೆಟ್ ಮತ್ತು ಬಿಡಿ ವೀಲ್‌ಗಳ ಮೇಲೆ ಬೇರೆಬೇರೆಯಾಗಿ ಒರೆಗೆ ಹಚ್ಚಿ ನೋಡಿದೆವು. ಆರರಲ್ಲಿ ಐದು ಹೇಳಿದ ಹಾಗೆ ಕೆಲಸ ಮಾಡಲಿಲ್ಲ. ಅಷ್ಟೇ ಆಗಿದ್ದರೆ ಹಣ ವಾಪಸ್ ಕೇಳಿ ಸುಮ್ಮನಾಗುತ್ತಿದ್ದೆವು. ಆದರೆ ವೀಲ್ ಕ್ಲೀನರ್ ವಿಷಯ ಹಾಗೆ ಬಿಡುವಂಥದ್ದಲ್ಲ. ಅದು ವೀಲನ್ನಷ್ಟೇ ಅಲ್ಲ, ಬಳಸುವವರ ಕೈಯನ್ನೂ ಸುಡಬಲ್ಲದು. ಹಾಗಾಗಿ ಮೊದಲು ಅದನ್ನೇ ಹೇಳುತ್ತೇವೆ.

ಲೇಬಲ್ ಮೇಲೆ 'ಆಮ್ಲರಹಿತ, ಎಲ್ಲ ಬಗೆಯ ವೀಲ್‌ಗೂ ಸುರಕ್ಷಿತ' ಎಂದಿದೆ. ಆಮ್ಲ-ಕ್ಷಾರ ಅಳೆಯುವ ಪಿಎಚ್ ಪಟ್ಟಿ (7 ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) ಅದ್ದಿದರೆ 2 ತೋರಿಸುತ್ತದೆ. ಒಂದೇ ಪಟ್ಟಿಯನ್ನು ನಂಬದೆ ಎರಡು ಬಾಟಲಿಗಳಿಂದ ಮೂರು ಮೂರು ಸಲ ನೋಡಿದ್ದೇವೆ, ಪ್ರತಿ ಸಲವೂ ಅದೇ ಬಣ್ಣ. ಪಿಎಚ್ 2 ಇರುವ ದ್ರಾವಣವನ್ನು ಆಮ್ಲರಹಿತ ಎಂದು ಕರೆಯಲು ದಾರಿಯೇ ಇಲ್ಲ. ಲೇಬಲ್‌ನ ಚಿತ್ರದಲ್ಲಿ ವೀಲ್ ಮೇಲಿಂದ ನೇರಳೆ ಬಣ್ಣದ ನೀರು ಇಳಿಯುತ್ತಿದೆ. ಆ ನೇರಳೆ ಬಣ್ಣ ಬರುವುದು ಅಮೋನಿಯಂ ಥಯೋಗ್ಲೈಕೋಲೇಟ್‌ನಂಥ ರಾಸಾಯನಿಕ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್‌ನಿಂದ ಉದುರಿದ ಕಬ್ಬಿಣದ ಪುಡಿಯ ಜೊತೆ ಸೇರಿದಾಗ. ಅಂಥ ಕ್ಲೀನರ್‌ಗಳು ಸಾಮಾನ್ಯವಾಗಿ ಪಿಎಚ್ 7ರ ಆಸುಪಾಸಿನಲ್ಲೇ ಇರುತ್ತವೆ. ನಿಮ್ಮ ದ್ರಾವಣ ನಾಲ್ಕು ನಿಮಿಷ ಬಿಟ್ಟರೂ ಬಣ್ಣ ಬದಲಾಯಿಸಲಿಲ್ಲ. ಚಿತ್ರ ಒಂದು ಬಗೆಯ ಕ್ಲೀನರ್‌ದು, ಬಾಟಲಿಯಲ್ಲಿರುವುದು ಬೇರೆಯೇ ಬಗೆಯದು.

ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ರಕ್ಷಣಾ ಪದರ) ಗಟ್ಟಿಯಾಗಿದ್ದ ಅಲಾಯ್ ವೀಲ್ ಮೇಲೆ ಒಂದು ನಿಮಿಷಕ್ಕೆ ಏನೂ ಆಗಲಿಲ್ಲ. ಮೇಲೆ ಯಾವ ಲೇಪನವೂ ಇಲ್ಲದ, ಪಾಲಿಶ್ ಮಾಡಿದ ಅಲ್ಯೂಮಿನಿಯಂ ವೀಲ್ ಮೇಲೆ ಎರಡೇ ನಿಮಿಷಕ್ಕೆ ಹಾಲು ಚೆಲ್ಲಿದಂತೆ ಬಿಳಿ ಕಲೆ ಎದ್ದಿತು. ದ್ರಾವಣ ಇಳಿದ ದಾರಿಯ ಉದ್ದಕ್ಕೂ ಗೆರೆ ಮೂಡಿತು. ನೀರಿಗೂ ಶಾಂಪೂಗೂ ಅದು ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಅಂಟಿದ ಕೊಳೆಯಲ್ಲ. ಆಮ್ಲ ಅಲ್ಯೂಮಿನಿಯಂ ಮೇಲಿನ ತೆಳು ಆಕ್ಸೈಡ್ ಪದರವನ್ನೂ ಅದರ ಕೆಳಗಿನ ಲೋಹವನ್ನೂ ಸಮವಿಲ್ಲದೆ ತಿಂದುಹಾಕಿದೆ. ಮೆಟಲ್ ಪಾಲಿಶ್ ಹಾಕಿ ಉಜ್ಜಿ ಆ ಮೇಲ್ಪದರವನ್ನೇ ತೆಗೆಯದೆ ಬೇರೆ ದಾರಿಯಿಲ್ಲ. ಕರ್ಬ್‌ಗೆ ತಾಗಿ ಕ್ಲಿಯರ್ ಕೋಟ್ ಒಡೆದ ವೀಲ್ ಆಗಿದ್ದರೆ ಒಡೆದ ಅಂಚಿನಿಂದ ಆಮ್ಲ ಒಳಗೆ ನುಸುಳುತ್ತದೆ. ಹೊರಗೆ ಕಾಣುವ ಹೊತ್ತಿಗೆ ಪದರ ಎದ್ದಿರುತ್ತದೆ.

ಇದಕ್ಕಿಂತ ಗಂಭೀರವಾದದ್ದು, ಯಾವ ಆಮ್ಲ ಎಂಬ ಒಂದು ಪದವೂ ಬಾಟಲಿಯ ಮೇಲಿಲ್ಲ. ಫಾಸ್ಫರಿಕ್ ಆಮ್ಲ ಇದ್ದರೆ ಒಂದು ಮಾತು. ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇದ್ದರೆ ಮಾತೇ ಬೇರೆ. ಇವೆರಡರ ತೆಳು ದ್ರಾವಣ ಚರ್ಮಕ್ಕೆ ತಾಗಿದರೆ ಆಗಲೇ ಉರಿಯದೆ ಹಲವು ಗಂಟೆಗಳ ನಂತರ ನೋವು ಶುರುವಾಗಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳಲು ತೊಡಗಿರುತ್ತದೆ. ಅದಕ್ಕೆ ಬೇಕಾದ ಚಿಕಿತ್ಸೆಯೇ ಬೇರೆ: ಚೆನ್ನಾಗಿ ನೀರಿನಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಹೋಗಬೇಕು. ಬಾಟಲಿ ಹಿಡಿದು ಹೋದವರಿಗೆ ವೈದ್ಯರು 'ಇದರಲ್ಲಿ ಏನಿದೆ' ಎಂದು ಕೇಳಿದರೆ ನಿಮ್ಮ ಲೇಬಲ್ ಉತ್ತರ ಕೊಡುವುದಿಲ್ಲ. ಕೈಗವಸು ಹಾಕಿ ಎಂಬ ಸಾಲೂ ಇಲ್ಲ. ಬದಲಿಗೆ ಬರಿಗೈಯಲ್ಲಿ ಸ್ಪಂಜ್ ಹಿಡಿದು ವೀಲ್ ಉಜ್ಜುವ ಚಿತ್ರವಿದೆ. ದಯವಿಟ್ಟು ಆ ಚಿತ್ರವನ್ನು ಮೊದಲು ತೆಗೆಸಿ.

ಶಾಂಪೂವಿಗೆ ಬರೋಣ. 'ಒಂದು ಬಕೆಟ್‌ಗೆ ಒಂದು ಮುಚ್ಚಳ, 500 ಮಿಲಿಯಲ್ಲಿ 60 ವಾಷ್' ಎಂದು ಅಚ್ಚಾಗಿದೆ. ಬಕೆಟ್ ಎಷ್ಟು ಲೀಟರ್‌ದು ಎಂದು ಹೇಳಿಲ್ಲ. ಮುಚ್ಚಳಕ್ಕೆ ಸಿರಿಂಜ್‌ನಲ್ಲಿ ನೀರು ತುಂಬಿ ಅಳೆದರೆ 8 ಮಿಲಿ ಹಿಡಿಯುತ್ತದೆ. 15 ಲೀಟರ್ ನೀರಿಗೆ 8 ಮಿಲಿ ಎಂದರೆ ಹತ್ತಿರ ಹತ್ತಿರ 1:1900. ಆ ಪ್ರಮಾಣದಲ್ಲಿ ನೊರೆ ಬರುತ್ತದೆ, ಆದರೆ ಬೆರಳಿಗೆ ಬೆರಳು ಉಜ್ಜಿದರೆ ಜಾರುವುದಿಲ್ಲ, ಕಿರ್ ಎನ್ನುತ್ತದೆ. ಕಾರು ತೊಳೆಯುವಾಗ ಬೇಕಾದದ್ದು ನೊರೆಗಿಂತ ಹೆಚ್ಚಾಗಿ ಆ ಜಾರಿಕೆ. ಧೂಳಿನ ಕಣ ಬಣ್ಣದ ಮೇಲೆ ಉಜ್ಜಿಕೊಂಡು ಹೋಗದೆ ತೇಲಿಕೊಂಡು ಬರುವುದು ಅದರಿಂದಲೇ. ಅದಿಲ್ಲದೆ ತೊಳೆದ ಕಪ್ಪು ಬಾನೆಟ್ ಮೇಲೆ ಬಿಸಿಲಿಗೆ ಹಿಡಿದಾಗ ಜೇಡರ ಬಲೆಯಂತೆ ಕಾಣುವ ಸುಳಿ ಗೀರುಗಳು ಎರಡೇ ವಾಷ್‌ಗೆ ಬಂದವು. 45 ಮಿಲಿಗೆ ಏರಿಸಿದಾಗ ಜಾರಿಕೆ ಸಾಕಷ್ಟು ಬಂತು. ಆ ಲೆಕ್ಕದಲ್ಲಿ 500 ಮಿಲಿಗೆ ಸಿಗುವುದು 11 ವಾಷ್, 60 ಅಲ್ಲ. ಶಾಂಪೂ ಜೇನಿನಂತೆ ದಪ್ಪಗಿದೆ ಎಂದು ನೀವು ಜಾಹೀರಾತಿನಲ್ಲಿ ಒತ್ತಿ ಹೇಳುತ್ತೀರಿ. ಇಂಥ ಸಾಬೂನು ದ್ರಾವಣಗಳನ್ನು ಬರೀ ಉಪ್ಪು ಹಾಕಿಯೇ ದಪ್ಪ ಮಾಡಬಹುದು. ದಪ್ಪ ನೋಡಿ ಒಳಗಿರುವ ಸಾಬೂನಿನ ಪ್ರಮಾಣ ಹೇಳಲಾಗದು. ಅದನ್ನು ಕೊಳ್ಳುವವರಿಗೆ ನೀವೇ ಹೇಳಬೇಕಿತ್ತು.

'ಪಿಎಚ್ ನ್ಯೂಟ್ರಲ್' ಎಂಬ ಮಾತೂ ನಿಲ್ಲುವುದಿಲ್ಲ. ನೀರು ಬೆರೆಸದ ಶಾಂಪೂ 10 ತೋರಿಸುತ್ತದೆ. ಕ್ಷಾರ ಹೆಚ್ಚಿರುವ ಶಾಂಪೂ ತಪ್ಪಲ್ಲ. ಹಳೆ ವ್ಯಾಕ್ಸ್ ತೆಗೆಯಬೇಕಾದಾಗ ಅದೇ ಬೇಕು. ತಪ್ಪು ಏನೆಂದರೆ, ಮೊದಲು ಸೆರಾಮಿಕ್ ಸ್ಪ್ರೇ (ಬಣ್ಣದ ಮೇಲೆ ನೀರು ನಿಲ್ಲದಂತೆ ಕಾಯುವ ಲೇಪನ) ಹಚ್ಚಿ, ಆಮೇಲೆ ವಾರವಾರ ಇದೇ ಶಾಂಪೂವಿನಲ್ಲಿ ತೊಳೆಯಿರಿ ಎಂದು ಒಂದೇ ಕಿಟ್‌ನಲ್ಲಿ ಎರಡನ್ನೂ ಕೊಟ್ಟಿರುವುದು. ಬಾನೆಟ್‌ಗೆ ಪೂರ್ತಿ ಸ್ಪ್ರೇ ಹಚ್ಚಿ, ನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದು ಅರ್ಧವನ್ನು ನಿಮ್ಮ ಶಾಂಪೂವಿನಲ್ಲೂ ಇನ್ನೊಂದನ್ನು ಪಿಎಚ್ 7 ಇರುವ ಬೇರೆ ಶಾಂಪೂವಿನಲ್ಲೂ ತೊಳೆದೆವು. ನಿಮ್ಮ ಶಾಂಪೂ ಬಿದ್ದ ಕಡೆ ನಾಲ್ಕನೇ ವಾಷ್‌ಗೆ ನೀರು ಮುತ್ತುಮುತ್ತಾಗಿ ನಿಲ್ಲುವುದು ಬಿಟ್ಟು ಹಾಳೆಯಂತೆ ಹರಡಿಕೊಂಡಿತು. ಇನ್ನೊಂದು ಅರ್ಧ ಒಂಬತ್ತನೇ ವಾಷ್‌ವರೆಗೆ ತಡೆಯಿತು. ಸ್ಪ್ರೇ ಮೇಲೆ ಬರೆದಿರುವುದು ಮೂರು ವರ್ಷ.

ಆ ಸ್ಪ್ರೇ ಮೇಲೆ '9ಎಚ್ ಗಡಸುತನ, ಗೀರು ಬೀಳದು' ಎಂದೂ ಇದೆ. 9ಎಚ್ ಎನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಪೆನ್ಸಿಲನ್ನು 45 ಡಿಗ್ರಿ ಓರೆಯಲ್ಲಿ, 750 ಗ್ರಾಂ ಭಾರದಲ್ಲಿ ಲೇಪನದ ಮೇಲೆ ತಳ್ಳಿ, ಯಾವ ಪೆನ್ಸಿಲ್‌ನಿಂದ ಲೇಪನಕ್ಕೆ ಗೀರು ಬೀಳುತ್ತದೆ ಎಂದು ನೋಡುವ ಪರೀಕ್ಷೆ. ಪೆನ್ಸಿಲ್ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಕಾರಿನ ಮೇಲೆ ಕೂರುವ ಧೂಳಿನಲ್ಲಿರುವುದು ಮರಳು, ಅಂದರೆ ಕ್ವಾರ್ಟ್ಜ್, ಖನಿಜಗಳ ಗಡಸುತನದ ಮೋಸ್ (Mohs) ಅಳತೆಯಲ್ಲಿ 7. ಎರಡೂ ಬೇರೆ ಬೇರೆ ಅಳತೆಗಳು. 9ಎಚ್ ಎಂಬುದನ್ನು ಓದಿದವರು ಮೋಸ್‌ನ 9 ಎಂದುಕೊಳ್ಳುತ್ತಾರೆ, ಅಂದರೆ ನೀಲಮಣಿಯಷ್ಟು ಗಟ್ಟಿ ಎಂದು. ಈ ತಪ್ಪು ತಿಳುವಳಿಕೆಯನ್ನು ಹಾಗೇ ಬಿಟ್ಟು ಮಾರುವುದು ಜನರ ಕಣ್ಣಿಗೆ ಮಣ್ಣೆರಚಿದಂತೆ. ನೀರು ಮುತ್ತಾಗಿ ನಿಲ್ಲುವ ವಿಡಿಯೋ ಕೂಡ ಲೇಪನದ ಸಾಕ್ಷಿಯಲ್ಲ. ಬರೀ ಸಿಲಿಕೋನ್ ಎಣ್ಣೆ ಒರೆಸಿದರೂ ಮೊದಲ ದಿನ ನೀರು ಹಾಗೇ ನಿಲ್ಲುತ್ತದೆ. ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಸಿಂಪಡಿಸಬಾರದು, ಒರೆಸುವ ಮೊದಲೇ ಒಣಗಿ ಕಾಮನಬಿಲ್ಲಿನಂಥ ಪಟ್ಟೆ ಉಳಿಯುತ್ತದೆ ಎಂಬ ಎಚ್ಚರಿಕೆಯೂ ಲೇಬಲ್‌ನಲ್ಲಿ ಇರಬೇಕಿತ್ತು.

ಸ್ಕ್ರ್ಯಾಚ್ ರಿಮೂವರ್ ನಮಗೆ ಅತ್ಯಂತ ಬೇಸರ ತಂದದ್ದು. ಅದೇ ಬಾನೆಟ್‌ನ 40 ಸೆಂಟಿಮೀಟರ್ ಚೌಕವನ್ನು ಟೇಪ್ ಹಾಕಿ ಬೇರೆ ಮಾಡಿ, ಬಟಾಣಿ ಕಾಳಿನಷ್ಟರ ನಾಲ್ಕು ಹನಿ ಇಟ್ಟು, ಫೋಮ್ ಪ್ಯಾಡ್‌ನಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಸಲ ಉಜ್ಜಿದೆವು. ಒರೆಸಿದ ಕೂಡಲೇ ಎಲ್‌ಇಡಿ ಟಾರ್ಚ್ ಹಿಡಿದು ನೋಡಿದರೆ ಸುಳಿ ಗೀರು ಹೆಚ್ಚುಕಡಿಮೆ ಮಾಯ. ನಂತರ 70 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್ 100 ಮಿಲಿಗೆ 300 ಮಿಲಿ ನೀರು ಬೆರೆಸಿ, ಸಿಂಪಡಿಸಿ, ಅರ್ಧ ನಿಮಿಷ ಬಿಟ್ಟು ಒರೆಸಿದೆವು. ಎರಡನೇ ಸಲ ಒರೆಸುವ ಹೊತ್ತಿಗೆ ಗೀರುಗಳೆಲ್ಲ ಇದ್ದಲ್ಲೇ ಇದ್ದವು. ನಿಮ್ಮ ಪೇಸ್ಟ್ ಗೀರು ತೆಗೆಯಲಿಲ್ಲ. ಎಣ್ಣೆ ಮತ್ತು ನುಣ್ಣನೆಯ ತುಂಬು ಪುಡಿಯಿಂದ ಗೀರನ್ನು ಮುಚ್ಚಿತ್ತು ಅಷ್ಟೇ. ನಿಜವಾದ ಕಾಂಪೌಂಡ್ (ಉಜ್ಜಿ ಸವೆಸುವ ಪೇಸ್ಟ್) ಗೀರಿನ ಎರಡೂ ಬದಿಯ ಕ್ಲಿಯರ್ ಕೋಟನ್ನು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಸವೆಸಿ ಸಮ ಮಾಡುತ್ತದೆ. ಹಾಗೆ ಸವೆದ ಮೇಲೆ ಆಲ್ಕೋಹಾಲ್ ಹಾಕಿ ಒರೆಸಿದರೂ ಗೀರು ವಾಪಸ್ ಬರುವುದಿಲ್ಲ.

ಮುಚ್ಚುವ ಪೇಸ್ಟ್ ಮಾರುವುದು ಅಪರಾಧವಲ್ಲ, 'ತಾತ್ಕಾಲಿಕವಾಗಿ ಮರೆಮಾಡುತ್ತದೆ' ಎಂದು ಬರೆದರೆ ಸಾಕು. ಆದರೆ ನೀವು 'ಎಷ್ಟೇ ಆಳದ ಗೀರಾದರೂ ಉಜ್ಜುತ್ತಾ ಇರಿ, ಹೋಗುತ್ತದೆ' ಎಂದು ಬರೆದಿದ್ದೀರಿ. ಹೆಚ್ಚಿನ ಕಾರುಗಳಲ್ಲಿ ಕ್ಲಿಯರ್ ಕೋಟ್ ಇರುವುದೇ 35ರಿಂದ 50 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬಾಡಿ ಲೈನ್ ಏಣುಗಳಲ್ಲಿ ಇನ್ನೂ ತೆಳು. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ನಿಂದ ಹೋಗುವಂಥದ್ದಲ್ಲ, ಅದಕ್ಕೆ ಟಚ್‌ಅಪ್ ಬಣ್ಣವೇ ಬೇಕು. ನಿಮ್ಮ ಮಾತು ನಂಬಿದವರು ನಾಳೆ ಬೇರೆ ಕಂಪನಿಯ ಒರಟು ಕಾಂಪೌಂಡ್ ತಂದು ಹಾಗೇ ಉಜ್ಜುತ್ತಾ ಹೋದರೆ ಬಣ್ಣವೇ ಬಯಲಾಗುತ್ತದೆ.

ಬಟ್ಟೆಯ ಲೆಕ್ಕ ಸುಲಭ. '400 ಜಿಎಸ್‌ಎಂ' ಎಂದರೆ ಚದರ ಮೀಟರ್‌ಗೆ 400 ಗ್ರಾಂ. 40 ಸೆಂಟಿಮೀಟರ್ ಚೌಕದ ಬಟ್ಟೆ 64 ಗ್ರಾಂ ತೂಗಬೇಕು. ನಿಮ್ಮದು 41 ಗ್ರಾಂ, ಅಂದರೆ ಸುಮಾರು 256 ಜಿಎಸ್‌ಎಂ. ನೀರಿನ ಹನಿ ಬಿಟ್ಟರೆ ಹೀರದೆ ಮೇಲೇ ಉರುಳುತ್ತದೆ. ಅಂಚಿಗೆ ಹಾಕಿರುವ ಹೊಲಿಗೆ ದಾರ ಗಟ್ಟಿ, ಮೂಲೆಯ ಟ್ಯಾಗ್ ಅದಕ್ಕಿಂತ ಗಟ್ಟಿ. ಹಳೆಯ ಸಿಡಿಯ ಹಿಂಬದಿಗೆ ಹಗುರಾಗಿ ಹತ್ತು ಸಲ ಉಜ್ಜಿದಾಗ ಬಟ್ಟೆಯ ನಡುಭಾಗ ಗುರುತು ಬಿಡಲಿಲ್ಲ, ಅಂಚು ಗೆರೆ ಎಳೆಯಿತು. ಕೆಂಪು ಬಟ್ಟೆ ಆಲ್ಕೋಹಾಲ್ ತಾಗಿದ ಕೂಡಲೇ ಬಣ್ಣ ಬಿಟ್ಟಿತು. ಬಿಳಿ ಕಾರಿಗೆ ಇದನ್ನು ಹೇಗೆ ಹಾಕುವುದು?

ಟೈರ್ ಪಾಲಿಶ್ ಒಂದೇ ನಮಗೆ ಮೆಚ್ಚಿಗೆಯಾದದ್ದು. ನೀರು ಮೂಲದ್ದು, ಜಿಡ್ಡು ಕಡಿಮೆ, ರಬ್ಬರ್ ಕಪ್ಪಗೆ ಕಾಣುತ್ತದೆ, ಥಳಥಳಿಸುವುದಿಲ್ಲ. ಆದರೆ 'ಹಚ್ಚಿ ತಕ್ಷಣ ಓಡಿಸಿ' ಎಂಬ ಸೂಚನೆ ತಪ್ಪು. ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸದಿದ್ದರೆ ಚಕ್ರ ತಿರುಗಿದಾಗ ಬಂಪರ್ ಮತ್ತು ಬಾಗಿಲಿಗೆಲ್ಲ ಸಿಡಿಯುತ್ತದೆ. ರಸ್ತೆಗೆ ತಾಗುವ ಭಾಗಕ್ಕೂ ಬ್ರೇಕ್ ಡಿಸ್ಕ್‌ಗೂ ತಾಗಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ಇನ್ನು ಮುಂದೆ ಯಾವ ಕಂಪನಿಯದೇ ಆಗಲಿ, ಶಾಂಪೂ ಪ್ರಮಾಣವನ್ನು ಮುಚ್ಚಳದ ಲೆಕ್ಕದಲ್ಲಷ್ಟೇ ಹೇಳಿ ಮಿಲಿ ಮತ್ತು ಲೀಟರ್‌ನಲ್ಲಿ ಹೇಳದಿದ್ದರೆ, ವೀಲ್ ಕ್ಲೀನರ್‌ಗೆ ಸುರಕ್ಷತಾ ಮಾಹಿತಿ ಪತ್ರ ಕೇಳಿದಾಗ ಕೊಡದಿದ್ದರೆ ನಾವು ಕೊಳ್ಳುವುದಿಲ್ಲ. ಆರು ಸಾಮಗ್ರಿಗಳ ಕಿಟ್ ಬದಲು ಒಂದೊಂದನ್ನೇ ಚಿಕ್ಕ ಬಾಟಲಿಯಲ್ಲಿ ತಂದು, ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯುತ್ತೇವೆ.

ನಿಮ್ಮಿಂದ ಕೇಳುವುದು ಇಷ್ಟು. ವೀಲ್ ಕ್ಲೀನರ್‌ನ ಈ ಬ್ಯಾಚನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಳ್ಳಿ. ಅದರಲ್ಲಿರುವ ಆಮ್ಲದ ಹೆಸರು ಮತ್ತು ಪ್ರಮಾಣವಿರುವ ಸುರಕ್ಷತಾ ಮಾಹಿತಿ ಪತ್ರವನ್ನು ಈ ಪತ್ರ ತಲುಪಿದ ಮೂರು ದಿನದೊಳಗೆ ನಮಗೆ ಕಳುಹಿಸಿ. ಈಗಾಗಲೇ ಕೊಂಡವರಿಗೆ ಕೈಗವಸಿನ ಎಚ್ಚರಿಕೆಯನ್ನು ಮಾರಾಟದ ಪುಟದಲ್ಲೇ ಹಾಕಿ. 60 ವಾಷ್, ಪಿಎಚ್ ನ್ಯೂಟ್ರಲ್, ಮೂರು ವರ್ಷ, 400 ಜಿಎಸ್‌ಎಂ ಎಂಬ ನಾಲ್ಕು ಮಾತುಗಳಿಗೆ ನಿಮ್ಮ ಪರೀಕ್ಷಾ ವರದಿ ಇದ್ದರೆ ತೋರಿಸಿ, ಇಲ್ಲದಿದ್ದರೆ ಲೇಬಲ್‌ನಿಂದ ತೆಗೆಯಿರಿ. ಟೈರ್ ಪಾಲಿಶ್ ನಮ್ಮಲ್ಲೇ ಇರಲಿ, ಉಳಿದ ಐದರ ಪೂರ್ತಿ ಹಣ ವಾಪಸ್ ಕೊಡಿ, ಕಲೆಯಾದ ವೀಲ್ ಪಾಲಿಶ್ ಮಾಡಿಸಿದ ಖರ್ಚನ್ನೂ ಭರಿಸಿ.

ರಸೀದಿಯ ಪ್ರತಿ, ಬ್ಯಾಚ್ ಸಂಖ್ಯೆ ಕಾಣುವ ಚಿತ್ರಗಳು, ಪಿಎಚ್ ಪಟ್ಟಿಗಳ ಮತ್ತು ಆಲ್ಕೋಹಾಲ್‌ಗೆ ಮುಂಚೆ, ನಂತರದ ಬಾನೆಟ್ ಚಿತ್ರಗಳನ್ನು ಜೊತೆಗಿಟ್ಟಿದ್ದೇವೆ. ವೀಲ್ ಕ್ಲೀನರ್‌ನ ಒಂದು ಬಾಟಲಿಯನ್ನು ತೆರೆಯದೆ ಹಾಗೇ ಇರಿಸಿದ್ದೇವೆ. ನಿಮ್ಮ ತಂತ್ರಜ್ಞರು ಬಂದರೆ ಅವರ ಕಣ್ಣೆದುರೇ ತೆರೆದು ಪರೀಕ್ಷಿಸೋಣ.

ಇಂತಿ,
ಕಾರ್ ಡೀಟೇಲಿಂಗ್ ಕೆಲಸಗಾರರು